"ಹುಷಾರು" ಅನ್ನೋದಕ್ಕೆ ಹದಿನೈದು ರೂಪಾಯಿ!

ತುಂಬಾ ದಿನ ಆಯ್ತು ಈ ಕಡೆ ಏನೂ ಬರೆಯದೆ. ಕೆಲಸ, ಓಡಾಟ, ಸೋಮಾರಿತನ... ಮಾಮೂಲಿ ನೆಪಗಳು. ಇವತ್ತು ಬರೆಸುತ್ತಿರುವುದು ಒಂದು ಮೊಬೈಲ್ ಬಿಲ್ಲು. ಬಿಲ್ಲಿನ ಬಗ್ಗೆ ಯಾರಾದ್ರೂ ಇಷ್ಟುದ್ದ ಕೊರೀತಾರಾ ಅಂತ ನಗಬೇಡಿ. ಕನ್ನಡದಲ್ಲಿ ಟೈಪ್ ಮಾಡುವವರಿಗೆಲ್ಲ, ಅಂದ್ರೆ ಇದನ್ನು ಓದುತ್ತಿರುವ ನಿಮಗೆಲ್ಲ, ಇದರಲ್ಲಿ ಪಾಲಿದೆ.

ವಿಷಯ ಇಷ್ಟು. 2025ರ ಜುಲೈನಲ್ಲಿ ಕೆಲಸದ ಮೇಲೆ ಮೂರು ವಾರ ಜರ್ಮನಿಯಲ್ಲಿದ್ದೆ. ಹೊರಡುವ ಮೊದಲೇ ನನ್ನ ಪೋಸ್ಟ್‌ಪೇಯ್ಡ್ ನಂಬರಿಗೆ ರೋಮಿಂಗ್ ಪ್ಯಾಕ್ ಹಾಕಿಸಿದ್ದೆ. ಕರೆಗೆ ಇಷ್ಟು ನಿಮಿಷ, ಇಂಟರ್ನೆಟ್ಟಿಗೆ ಇಷ್ಟು ಜಿಬಿ, ಒಳಬರುವ ಎಸ್ಸೆಮ್ಮೆಸ್ ಉಚಿತ, ಹೊರಹೋಗುವ ಎಸ್ಸೆಮ್ಮೆಸ್ಸಿಗೆ ತಲಾ 15 ರೂಪಾಯಿ. ಎಲ್ಲಾ ಓದಿಕೊಂಡೇ ದುಡ್ಡು ಕಟ್ಟಿದ್ದು. ಅಲ್ಲಿಂದ ನಾನು ಕಳಿಸಿದ ಮೆಸೇಜುಗಳು 18. ಹದಿನೆಂಟೂ ಫೋನಿನ "ಸೆಂಟ್" ಪಟ್ಟಿಯಲ್ಲಿ ಇವತ್ತಿಗೂ ಇವೆ, ಬೇಕಾದ್ರೆ ಎಣಿಸಿ. 18 ಸಲ 15 ಅಂದ್ರೆ 270 ರೂಪಾಯಿ. ಸರಿ ತಾನೆ?

ಬಿಲ್ಲು ಬಂತು. ಹೊರಹೋದ ಎಸ್ಸೆಮ್ಮೆಸ್: 63. ಅದರಲ್ಲಿ 57ಕ್ಕೆ ತಲಾ 15ರಂತೆ 855, ಉಳಿದ 6ಕ್ಕೆ ತಲಾ 25ರಂತೆ 150. ಒಟ್ಟು 1,005 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು ಮೊತ್ತ 1,185 ರೂಪಾಯಿ 90 ಪೈಸೆ!

"ಜರ್ಮನಿಗೆ ಹೋಗಿ ಬಂದೋರಿಗೆ ಸಾವಿರ ರೂಪಾಯಿ ಒಂದು ಲೆಕ್ಕವೇನ್ರೀ?" ಅಂತ ಆಫೀಸಿನ ಗೆಳೆಯರೊಬ್ಬರು ಕೇಳಿದರು. ಆ ಪ್ರಶ್ನೆಗೆ ಆಮೇಲೆ ಬರ್ತೀನಿ. ಮೊದಲು ಹದಿನೆಂಟು ಹೇಗೆ ಅರವತ್ಮೂರಾಯ್ತು ನೋಡೋಣ. ಬಿಲ್ಲಿನ ಪಟ್ಟಿ ತರಿಸಿಕೊಂಡು, ಪೆನ್ಸಿಲ್ ಹಿಡಿದು ಒಂದು ಭಾನುವಾರ ಪೂರ್ತಿ ಕೂತಿದ್ದೆ. ಅರವತ್ಮೂರರಲ್ಲಿ ಮೂರು ಪಂಗಡ ಸಿಕ್ಕಿದವು. ಅಮ್ಮನ ನಂಬರಿಗೆ 44. ನಾನು ಜನ್ಮದಲ್ಲಿ ಕೇಳದ, ಬ್ರಿಟನ್ನಿನ ಒಂದು ನಂಬರಿಗೆ 11. ಬ್ಯಾಂಕಿನ ಆ್ಯಪ್ಪಿಗೆ ಸಂಬಂಧಪಟ್ಟ ನಂಬರಿಗೆ 8.

ಅಮ್ಮನಿಗೆ ಯಾಕೆ ಎಸ್ಸೆಮ್ಮೆಸ್, ವಾಟ್ಸಾಪ್ ಇಲ್ವಾ ಅಂತ ಕೇಳುವವರು ಮಳೆಗಾಲದಲ್ಲಿ ಒಂದು ಸಲ ತೀರ್ಥಹಳ್ಳಿ ಕಡೆ ಬಂದು ಹೋಗಿ. ಆಷಾಢದ ಮಳೆಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲದಿದ್ರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ? ಅಮ್ಮನ ಹತ್ತಿರ ಇರೋದು ಗುಂಡಿ ಒತ್ತುವ ಫೋನು. ಅದು ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿದ ಚೀಲದಲ್ಲಿರುತ್ತೆ, ಮನೆಯಲ್ಲಿ ಸಿಗ್ನಲ್ ಸಿಗೋದು ಅಲ್ಲಿ ಮಾತ್ರ. ಫೋನ್ ಮಾಡಿದ್ರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ". ಆದರೆ ಎಸ್ಸೆಮ್ಮೆಸ್ ಹಾಗಲ್ಲ. ಅದು ಕಂಪನಿಯ ಮೆಸೇಜ್ ಕೇಂದ್ರದಲ್ಲಿ ಕಾದು ಕೂತಿರುತ್ತೆ. ಟವರಿಗೆ ಜೀವ ಬಂದು, ಅಮ್ಮನ ಫೋನಿಗೆ ಎರಡು ನಿಮಿಷ ಸಿಗ್ನಲ್ ಸಿಕ್ಕರೂ ಸಾಕು, ಟಣ್ ಅಂತ ಬಂದು ಬೀಳುತ್ತೆ. ಮಲೆನಾಡಿನವರಿಗೆ ಇದರ ಬೆಲೆ ಗೊತ್ತು.

ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಹತ್ತು ದಿನ ಆಗಿತ್ತಷ್ಟೆ. ನಾನು ಹೊರಡಲೇಬೇಕಾಗಿತ್ತು. ಮಾತ್ರೆ ಯಾವಾಗ, ಡ್ರೆಸಿಂಗ್ ಯಾವಾಗ, ಡಾಕ್ಟ್ರು ಏನಂದ್ರು ಅನ್ನೋದನ್ನೆಲ್ಲ ಅಮ್ಮನಿಗೆ ಎಸ್ಸೆಮ್ಮೆಸ್ಸಲ್ಲೇ ಹೇಳ್ತಿದ್ದೆ. ಕನ್ನಡದಲ್ಲಿ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರಲ್ಲ. ಕನ್ನಡ ಮಾತ್ರ ಕಾದಂಬರಿ ಓದುವಷ್ಟು ಚೆನ್ನಾಗಿ ಬರುತ್ತೆ.

ಈಗ ಒಂದು ಮೆಸೇಜು ನೋಡಿ. ಇದು ನಾನು ಕಳಿಸಿದ್ದೇ, ಒಂದಕ್ಷರ ತಿದ್ದಿಲ್ಲ:

"ಅಮ್ಮಾ, ಅಪ್ಪನಿಗೆ ರಾತ್ರಿ ಮಾತ್ರೆ ಊಟ ಆದ್ಮೇಲೆ ಕೊಡು. ಡಾಕ್ಟ್ರ ಹತ್ರ ಮಾತಾಡಿದೀನಿ, ಹೆದರೋ ಹಾಗಿಲ್ಲ. ಕರೆಂಟ್ ಬಂದ ಮೇಲೆ ಒಂದು ಫೋನ್ ಮಾಡು. ಮಳೆ ಹೇಗಿದೆ? ಹುಷಾರು."

ಇದಕ್ಕೆ ಬಿಲ್ಲಿನಲ್ಲಿ ಮೂರು ಸಾಲು. ಒಂದೇ ನಿಮಿಷ, ಒಂದೇ ನಂಬರು, 15 + 15 + 15. ಅಮ್ಮನ ಫೋನಿನಲ್ಲಿ ಬಂದಿದ್ದು ಒಂದೇ ಮೆಸೇಜು!

ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಕನ್ನಡಕ್ಕೆ ಇಂಥ ಗುಂಡಿ ಒತ್ತಿ ಅನ್ನೋದನ್ನ ಕಾದು, ಒತ್ತಿ, ಹಾಡು ಕೇಳಿ, ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ಒಳ್ಳೆ ಹುಡುಗ, ತಾಳ್ಮೆಯಿಂದಲೇ ಮಾತಾಡಿದ.

"ಸರ್, ನೀವು ಕನ್ನಡದಲ್ಲಿ ಟೈಪ್ ಮಾಡಿದೀರಾ ಅದಕ್ಕೇ ಸರ್ ಮೂರಾಗಿರೋದು."

"ಅಂದ್ರೆ?"

"ಇಂಗ್ಲಿಷ್ ಲೆಟರ್ಸಲ್ಲಿ ಟೈಪ್ ಮಾಡಿ ಸರ್, ಒಂದೇ ಆಗುತ್ತೆ."

"ನಮ್ಮಮ್ಮಂಗೆ ಇಂಗ್ಲಿಷ್ ಓದಕ್ಕೆ ಬರಲ್ವಲ್ಲಪ್ಪ."

ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ, "ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಸರ್?"

ಆ ಹುಡುಗನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವನು ಹೇಳಿದ್ದು ನಿಜ. ನಿಜ ಆಗಿರೋದೇ ಸಿಟ್ಟಿನ ವಿಷಯ. ಹೇಗೆ ನಿಜ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯೂನಿಕೋಡ್ ಪಂಡಿತರು ಈ ಪ್ಯಾರಾ ಹಾರಿಸಬಹುದು.

ಒಂದು ಎಸ್ಸೆಮ್ಮೆಸ್ಸಿನ ಹೊಟ್ಟೆ 140 ಬೈಟ್, ಅಂದ್ರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ತಲಾ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತೆ. ಕನ್ನಡ ಯೂನಿಕೋಡಿನಲ್ಲಿ ಹೋದರೆ ಒಂದೊಂದು ಸಂಕೇತಕ್ಕೆ 16 ಬಿಟ್, ಹಿಡಿಸೋದು 70. ಅದಕ್ಕಿಂತ ಉದ್ದವಾದರೆ ಮೆಸೇಜನ್ನು ತುಂಡು ಮಾಡಿ ಕಳಿಸಬೇಕು, ತುಂಡುಗಳನ್ನು ಆ ಕಡೆ ಜೋಡಿಸೋಕೆ ಒಂದಿಷ್ಟು ಜಾಗ ಬಿಡಬೇಕು, ಆಗ ತುಂಡಿಗೆ 67 ಮಾತ್ರ. ಜೊತೆಗೆ ನಾವು ಒಂದು ಅಕ್ಷರ ಅಂದುಕೊಳ್ಳೋದು ಯಂತ್ರಕ್ಕೆ ಒಂದಲ್ಲ. "ಸ್ತ್ರೀ" ನಮಗೆ ಒಂದಕ್ಷರ. ಯಂತ್ರಕ್ಕೆ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಸೇರಿ ಆರು!

ಮೇಲಿನ ನನ್ನ ಮೆಸೇಜಿನಲ್ಲಿ ಚುಕ್ಕಿ, ಅಲ್ಪವಿರಾಮ, ಖಾಲಿ ಜಾಗ ಎಲ್ಲಾ ಸೇರಿ 138 ಸಂಕೇತಗಳಿವೆ. ಎರಡು ತುಂಡಿನಲ್ಲಿ ಹಿಡಿಸೋದು 134. ಉಳಿದದ್ದು ನಾಲ್ಕು. ಯಾವ ನಾಲ್ಕು ಗೊತ್ತಾ? "ಹುಷಾರು" ಪದದ ಷಾ ಅಕ್ಷರದ ದೀರ್ಘ, ಆಮೇಲೆ ರ, ಅದರ ಕೊಂಬು, ಕೊನೆಗೆ ಪೂರ್ಣವಿರಾಮ. ಎರಡನೇ ತುಂಡು "ಹುಷ" ಅಂತ ನಿಂತಿತು. ಉಳಿದರ್ಧಕ್ಕೆ ಇನ್ನೊಂದು 15 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಅಮ್ಮನಿಗೆ ಹುಷಾರು ಅಂತ ಹೇಳೋದಕ್ಕೆ ಸರ್ಕಾರಕ್ಕೂ ಪಾಲು ಕೊಟ್ಟ ಹಾಗಾಯ್ತು!

ಇದೇ ಮೆಸೇಜನ್ನು ಕಂಗ್ಲಿಷಿನಲ್ಲಿ, ನಾನು ಬರೆಯುವ ಸ್ಪೆಲ್ಲಿಂಗಿನಲ್ಲಿ ಬರೆದು ಎಣಿಸಿದೆ. 153 ಬಂತು. ಸರಿಯಾಗಿ ನೋಡಿ, ಕನ್ನಡದಲ್ಲಿ 138, ಇಂಗ್ಲಿಷ್ ಅಕ್ಷರದಲ್ಲಿ 153. ನಮ್ಮ ಲಿಪಿಯೇ ಚಿಕ್ಕದಾಗಿ ಮುಗಿಸಿದೆ. ಆದರೂ 153 ಒಂದೇ ಮೆಸೇಜು, 138 ಮೂರು ಮೆಸೇಜು. ಒಂದಕ್ಕೆ 15, ಇನ್ನೊಂದಕ್ಕೆ 45. ಇದಕ್ಕೆ ಏನಂತ ಹೆಸರಿಡೋಣ? ನಾನು "ಲಿಪಿ ತೆರಿಗೆ" ಅಂತ ಇಟ್ಟಿದ್ದೀನಿ.

160ರ ಕಥೆಯೂ ಕುತೂಹಲದ್ದೇ. ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಟ್ ಅನ್ನುವ ಜರ್ಮನ್ ಎಂಜಿನಿಯರ್ 1985ರಲ್ಲಿ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ವಾಕ್ಯಗಳನ್ನೆಲ್ಲ ಕುಟ್ಟಿ ಅಕ್ಷರ ಎಣಿಸಿದರಂತೆ. ಬಹಳಷ್ಟು ವಾಕ್ಯಗಳು 160ರೊಳಗೆ ಮುಗಿದವು, ಸಾಕು ಅಂದರು. ಪಾಪ, ಅವರ ತಪ್ಪೇನಿಲ್ಲ. ಫೋನು ಮತ್ತು ಟವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಸಣ್ಣ ದಾರಿಯ ಸಂದಿಯಲ್ಲಿ ಮೆಸೇಜು ತೂರಿಸಬೇಕಿತ್ತು. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಮೊದಲ ಎಸ್ಸೆಮ್ಮೆಸ್ ಹೋದಾಗ ಅದರಲ್ಲಿದ್ದದ್ದು ಕ್ರಿಸ್ಮಸ್ ಶುಭಾಶಯದ ಎರಡೇ ಪದ. ತೀರ್ಥಹಳ್ಳಿಯ ಅಮ್ಮ ಅವರ ಲೆಕ್ಕದಲ್ಲಿ ಇರಬೇಕಿತ್ತು ಅಂತ ನಾನು ಕೇಳಲ್ಲ.

ಆದರೆ ಅಮ್ಮನಿಗೇ ಸಿಮ್ ಮಾರಿದ ಕಂಪನಿಯ ಲೆಕ್ಕದಲ್ಲಿ ಇರಬೇಕಿತ್ತು. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಸಂಸ್ಥೆ ಭಾರತೀಯ ಭಾಷೆಗಳಿಗೂ 7 ಬಿಟ್ಟಿನ ಅಕ್ಷರ ಕೋಷ್ಟಕಗಳನ್ನು ಮಾನದಂಡಕ್ಕೆ ಸೇರಿಸಿ ಹತ್ತು ವರ್ಷಕ್ಕೂ ಮೇಲಾಯ್ತು. ಹಿಂದಿ, ತಮಿಳು, ತೆಲುಗು, ಮಲಯಾಳದ ಜೊತೆ ಕನ್ನಡವೂ ಅದರಲ್ಲಿದೆ. ಅದನ್ನು ಬಳಸಿದರೆ ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಸುಮಾರು 150 ಕನ್ನಡ ಸಂಕೇತ ಹಿಡಿಸುತ್ತೆ. ನನ್ನ 138 ಅದರಲ್ಲಿ ಆರಾಮಾಗಿ ಕಾಲು ಚಾಚಿ ಮಲಗುತ್ತಿತ್ತು! ಔಷಧಿ ಕಪಾಟಿನಲ್ಲಿದೆ, ಕಪಾಟು ತೆಗೆಯುವವರಿಲ್ಲ. ಯಾಕೆ ತೆಗೀತಾರೆ ಹೇಳಿ? ರೋಗದಿಂದ ಮೂರು ಪಟ್ಟು ದುಡ್ಡು ಬರ್ತಿದೆ.

ಇನ್ನೊಂದು ತಮಾಷೆ ಕೇಳಿ. ಪೂರ್ತಿ ಇಂಗ್ಲಿಷಿನ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ, ಒಂದು ನಗುಮೊಗದ ಎಮೋಜಿ ಬಂದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಜಾರುತ್ತೆ. ಬಿಲ್ಲಿನಲ್ಲಿ ಇದರ ಕಾರಣ ಎಲ್ಲೂ ಇರಲ್ಲ. ದಿನಾಂಕ, ಸಮಯ, ನಂಬರು, ದರ ಅಷ್ಟೇ. ಒಂದು ಮೆಸೇಜಿನ ಮೂರು ತುಂಡು ಅಂತ ಬರೆಯೋದಕ್ಕೆ ಶಾಯಿ ಕಮ್ಮಿಯಾಗಿತ್ತೇನೋ.

ಈಗ ಆ 25 ರೂಪಾಯಿಯ ಆರು ಸಾಲಿಗೆ ಬರೋಣ. ಒಂದು ಭಾನುವಾರ ಕಾನ್‌ಸ್ಟಾನ್ಸ್ ಅನ್ನೋ ಊರಿಗೆ ಹೋಗಿದ್ದೆ. ದೊಡ್ಡ ಸರೋವರದ ದಡದ ಚಂದದ ಊರು. ಅದರ ಪಕ್ಕದಲ್ಲೇ ಅಂಟಿಕೊಂಡಿರೋದು ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗನ್. ಎರಡೂ ಊರಿನ ಮನೆಗಳು ಒಂದಕ್ಕೊಂದು ತಾಗಿಕೊಂಡಿವೆ. ನಾನು ಗಡಿ ದಾಟಲೇ ಇಲ್ಲ, ಜರ್ಮನಿಯ ಕಾಫಿ ಅಂಗಡಿಯಲ್ಲೇ ಕೂತಿದ್ದೆ. ಆದರೆ ನನ್ನ ಫೋನಿಗೆ ಆ ಕಡೆಯ ಟವರು ಹೆಚ್ಚು ಇಷ್ಟವಾಯ್ತು. ಅಲ್ಲಿಂದ ಅಮ್ಮನಿಗೆ ಕಳಿಸಿದ ಎರಡು ಮೆಸೇಜು ತಲಾ ಮೂರು ತುಂಡಾಗಿ, ಸ್ವಿಟ್ಜರ್ಲೆಂಡಿನ ದರದಲ್ಲಿ ಹೋದವು. ನನ್ನ ಪ್ಯಾಕಿನಲ್ಲಿ ಆ ದೇಶ ಇಲ್ಲ. ನಾನು ಕಾಲಿಡದ ದೇಶಕ್ಕೆ ಕಪ್ಪ ಕಟ್ಟಿದ್ದು ಇದೇ ಮೊದಲು.

ಜೊತೆಗಿದ್ದ ಜರ್ಮನ್ ಸಹೋದ್ಯೋಗಿಗೆ ಹೇಳಿದೆ. ಆತ ನಕ್ಕು, "ಇಲ್ಲಿ ನಮಗೂ ಹೀಗಾಗುತ್ತೆ, ಆದರೆ ಸ್ವಿಟ್ಜರ್ಲೆಂಡ್ ಒಂದನ್ನು ಬಿಟ್ಟರೆ ಫ್ರಾನ್ಸ್, ಇಟಲಿ, ಆಸ್ಟ್ರಿಯಾ ಎಲ್ಲಿ ಹೋದರೂ ನನ್ನ ಊರಿನ ದರವೇ" ಅಂದ. ನನಗೆ ಹೊಟ್ಟೆ ಉರಿದದ್ದು ಅಲ್ಲಿ.

ಯಾಕಂದ್ರೆ ಅಲ್ಲಿ ಇದು ತಾನಾಗಿ ಆದದ್ದಲ್ಲ. ಐರೋಪ್ಯ ಒಕ್ಕೂಟ 2007ರಲ್ಲಿ ರೋಮಿಂಗ್ ಕರೆಯ ದರಕ್ಕೆ ಮಿತಿ ಹಾಕಿತು. 2009ರ ಜುಲೈ 1ರಿಂದ ಒಕ್ಕೂಟದೊಳಗೆ ರೋಮಿಂಗ್ ಎಸ್ಸೆಮ್ಮೆಸ್ಸಿಗೆ ತೆರಿಗೆ ಬಿಟ್ಟು 11 ಸೆಂಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅಂತ ಕಾನೂನು ಮಾಡಿತು. 2012ರಲ್ಲಿ 9, 2013ರಲ್ಲಿ 8, 2014ರಲ್ಲಿ 6 ಸೆಂಟ್. 2017ರ ಜೂನ್ 15ರಿಂದ ಹೆಚ್ಚುವರಿ ದರವೇ ಇಲ್ಲ, ಊರಿನಲ್ಲಿದ್ದಂತೆಯೇ. 2022ರಲ್ಲಿ ಈ ಕಾನೂನನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದರು, ಗಡಿಯಲ್ಲಿ ಗೊತ್ತಿಲ್ಲದೆ ಪಕ್ಕದ ದೇಶದ ಟವರು ಹಿಡಿಯುವ ಸಮಸ್ಯೆಗೂ ಅದರಲ್ಲಿ ಜಾಗ ಕೊಟ್ಟರು. ಪ್ರತಿ ಸಲ ಮಿತಿ ಇಳಿಸುವಾಗಲೂ ಕಂಪನಿಗಳು ನಾವು ಮುಳುಗಿಹೋಗ್ತೀವಿ ಅಂತ ಅತ್ತಿದ್ದವು. ಎಲ್ಲಿ ಮುಳುಗಿದವು? ಬೇರೆ ದೇಶದ ನೆಟ್‌ವರ್ಕಿಗೆ ದುಡ್ಡು ಕಟ್ಟಬೇಕು, ಅದಕ್ಕೇ ದರ ಜಾಸ್ತಿ ಅನ್ನುವ ವಾದಕ್ಕೆ ಇಪ್ಪತ್ತೇಳು ದೇಶಗಳೇ ಉತ್ತರ.

ಅಮೆರಿಕದಲ್ಲಿರುವ ಗೆಳೆಯರಿಗೆ ಹಳೆಯದು ನೆನಪಿರಬೇಕು. ಅಲ್ಲಿ ಕಳಿಸಿದವನಿಗೂ ಚಾರ್ಜು, ಬಂದದ್ದಕ್ಕೂ ಚಾರ್ಜು. ಬೇಡ ಅಂದರೂ ಬಂದ ಮೆಸೇಜಿಗೂ ಕಟ್ಟಬೇಕಿತ್ತು! ದರ 10 ಸೆಂಟಿನಿಂದ 20 ಸೆಂಟಿಗೆ ಏರಿದಾಗ, 2008ರ ಸೆಪ್ಟೆಂಬರಿನಲ್ಲಿ ಸೆನೆಟರ್ ಹರ್ಬ್ ಕೋಲ್ ನಾಲ್ಕು ದೊಡ್ಡ ಕಂಪನಿಗಳಿಗೆ ಪತ್ರ ಬರೆದು ಯಾಕೆ ಏರಿಸಿದಿರಿ ಅಂತ ಕೇಳಿದರು. ಅದೇ ವರ್ಷ ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ನೈಜೆಲ್ ಬ್ಯಾನಿಸ್ಟರ್ ಒಂದು ಲೆಕ್ಕ ಹಾಕಿದ್ದರು. ಹಬಲ್ ದೂರದರ್ಶಕದಿಂದ ಭೂಮಿಗೆ ಮಾಹಿತಿ ಇಳಿಸಿಕೊಳ್ಳೋದಕ್ಕಿಂತ ಎಸ್ಸೆಮ್ಮೆಸ್ ಕನಿಷ್ಠ ನಾಲ್ಕು ಪಟ್ಟು ದುಬಾರಿ ಅಂತ. ನಾನೂ ನನ್ನ ಬಿಲ್ಲಿಗೆ ಹಾಕಿ ನೋಡಿದೆ. ಒಂದು ಎಂಬಿಗೆ ಸುಮಾರು 7,490 ಎಸ್ಸೆಮ್ಮೆಸ್. ತಲಾ 15 ರೂಪಾಯಿಯಂತೆ ಒಂದು ಲಕ್ಷದ ಹನ್ನೆರಡು ಸಾವಿರದ ಮೇಲೆ. ಅದೇ ಪ್ಯಾಕಿನಲ್ಲಿ ಇಂಟರ್ನೆಟ್ಟನ್ನು ಜಿಬಿಗಟ್ಟಲೆ ಸುರಿದಿದ್ದಾರೆ. ಹಾಲು ಪುಕ್ಕಟೆ, ನೀರಿಗೆ ಲಕ್ಷ!

ಸರಿ, ಅಮ್ಮನ 44 ಆಯ್ತು. ಉಳಿದ 19ಕ್ಕೆ ಬನ್ನಿ. ಇವನ್ನು ನಾನು ಕಳಿಸಿಯೇ ಇಲ್ಲ.

ಬ್ರಿಟನ್ನಿನ ನಂಬರಿಗೆ ಹೋದ 11 ನನ್ನ ಫೋನೇ ಕಳಿಸಿದ್ದು. ಫೋನಿನ ಜೊತೆ ಬರುವ ಮೆಸೇಜ್ ಸೇವೆಯೊಂದು "ಈ ನಂಬರು ಇವನದೇನಾ" ಅಂತ ಖಚಿತ ಮಾಡಿಕೊಳ್ಳೋಕೆ ಸದ್ದಿಲ್ಲದೆ ಎಸ್ಸೆಮ್ಮೆಸ್ ಕಳಿಸುತ್ತೆ. ಸಿಮ್ ಆಫ್ ಮಾಡಿ ಆನ್ ಮಾಡಿದರೆ ಇನ್ನೊಂದು. ನಾನು ಅಲ್ಲಿನ ಸಿಮ್ಮೊಂದನ್ನೂ ಹಾಕಿಕೊಂಡಿದ್ದರಿಂದ ಅದೂ ಇದೂ ಬದಲಾಯಿಸುತ್ತಿದ್ದೆ. ಒಂದೊಂದು ಬದಲಾವಣೆಗೂ ಒಳಗಿಂದ ಒಳಗೇ ಒಂದು ಮೆಸೇಜು. "ಸೆಂಟ್" ಪಟ್ಟಿಯಲ್ಲಿ ಇವುಗಳ ಸುಳಿವಿಲ್ಲ, ಬಿಲ್ಲಿನಲ್ಲಿ ಮಾತ್ರ ದರ್ಶನ.

ಬ್ಯಾಂಕಿನ 8 ಕೂಡಾ ಇದೇ ಜಾತಿ. ಯುಪಿಐ ಆ್ಯಪ್ ಬಳಸುವವರಿಗೆ ಗೊತ್ತು, ನೋಂದಣಿ ಮಾಡುವಾಗ ಆ ಸಿಮ್ಮಿನಿಂದಲೇ ಒಂದು ಗೂಢಾಕ್ಷರದ ಎಸ್ಸೆಮ್ಮೆಸ್ ಹೋಗಬೇಕು. ಊರಿನಲ್ಲಿದ್ದರೆ ಒಂದು ರೂಪಾಯಿಯೋ ಒಂದೂವರೆಯೋ, ಅದೂ ಪ್ಯಾಕಿನಲ್ಲಿ ಮುಳುಗಿಹೋಗುತ್ತೆ. ಅಪ್ಪನ ಔಷಧಿ ಅಂಗಡಿಗೆ ದುಡ್ಡು ಹಾಕೋಣ ಅಂತ ಆ್ಯಪ್ ತೆಗೆದರೆ "ನಂಬರ್ ಮತ್ತೆ ಪರಿಶೀಲಿಸಿ" ಅಂತು. ಪರಿಶೀಲಿಸಿದೆ. ಹೊತ್ತಾಯ್ತು, ಮತ್ತೆ ಪ್ರಯತ್ನಿಸಿ ಅಂತು. ಹೀಗೆ ಎಂಟು ಸಲ. ಎಂಟಕ್ಕೂ ಚಾರ್ಜು, ಒಂದರಲ್ಲೂ ಕೆಲಸ ಆಗಲಿಲ್ಲ. ಕೊನೆಗೆ ದುಡ್ಡು ಕೊಟ್ಟಿದ್ದು ಪಕ್ಕದ ಮನೆಯವರು.

ಈಗ ಒಂದು ಹಳೇ ಸಂಗತಿ ನೆನಪಿಸಿಕೊಳ್ಳಿ. ಕಾಲರ್ ಟ್ಯೂನು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು ಅಂತ ಕೇಳದೇ ಹಾಕಿ ದುಡ್ಡು ಕತ್ತರಿಸುತ್ತಿದ್ದ ಕಾಲ ಇತ್ತಲ್ಲ? ಯುಗಾದಿ, ದೀಪಾವಳಿಗೆ ಶುಭಾಶಯ ಕಳಿಸಿದರೆ "ಇವತ್ತು ಪ್ಯಾಕ್ ನಡೆಯಲ್ಲ" ಅಂತ ಪೂರ್ತಿ ದರ ಎಳೆಯುತ್ತಿದ್ದ ಕಾಲ? ಜನ ಗಲಾಟೆ ಮಾಡಿದ್ದಕ್ಕೇ 2013ರಲ್ಲಿ ಟ್ರಾಯ್ ಒಂದು ನಿಯಮ ತಂದಿದ್ದು, ಇಂಥ ಸೇವೆ ಶುರು ಮಾಡುವ ಮುಂಚೆ ಗ್ರಾಹಕ ಎರಡು ಸಲ ಒಪ್ಪಬೇಕು ಅಂತ. ಅಮೆರಿಕದಲ್ಲೂ ಕೇಳದ ಎಸ್ಸೆಮ್ಮೆಸ್ ಸೇವೆಗಳಿಗೆ ಬಿಲ್ಲಿನಲ್ಲಿ ದುಡ್ಡು ಸೇರಿಸಿದ್ದಕ್ಕೆ 2014 ಮತ್ತು 2015ರಲ್ಲಿ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಡಾಲರ್ ಕಕ್ಕಬೇಕಾಯ್ತು. ಅಂದ್ರೆ ಕಾಲರ್ ಟ್ಯೂನಿಗೆ ಎರಡು ಒಪ್ಪಿಗೆ ಬೇಕು, ಪರದೇಶದಲ್ಲಿ ಸದ್ದಿಲ್ಲದೆ ಹೋಗುವ 15 ರೂಪಾಯಿಯ ಎಸ್ಸೆಮ್ಮೆಸ್ಸಿಗೆ ಅರ್ಧ ಒಪ್ಪಿಗೆಯೂ ಬೇಡ. ಯಾವ ನ್ಯಾಯ ಸ್ವಾಮಿ?

ಟ್ರಾಯ್‌ಗೆ ದರ ಕಟ್ಟುಹಾಕಲು ಬರಲ್ಲ ಅಂತಲೂ ಅಲ್ಲ. ದೇಶದೊಳಗಿನ ರೋಮಿಂಗಿನಲ್ಲಿ ಎಸ್ಸೆಮ್ಮೆಸ್ ದರವನ್ನು 2015ರ ಮೇ 1ರಿಂದ ಸ್ಥಳೀಯಕ್ಕೆ 25 ಪೈಸೆ, ಎಸ್‌ಟಿಡಿಗೆ 38 ಪೈಸೆಗೆ ಇಳಿಸಿದ್ದು ಅವರೇ. ಅದಕ್ಕೆ ಮುಂಚೆ ಒಂದು ರೂಪಾಯಿ, ಒಂದೂವರೆ ರೂಪಾಯಿ ಇತ್ತು. ಪೈಸೆ ಲೆಕ್ಕದಲ್ಲಿ ಅಳೆಯೋಕೆ ಬಂದವರಿಗೆ ಗಡಿ ದಾಟಿದ ತಕ್ಷಣ ತಕ್ಕಡಿಯೇ ಕಳೆದುಹೋಗುತ್ತೆ. ಅಂತಾರಾಷ್ಟ್ರೀಯ ರೋಮಿಂಗ್ ದರವನ್ನು ಕಂಪನಿಗಳ ವಿವೇಚನೆಗೇ ಬಿಟ್ಟಿದ್ದಾರೆ. 2020ರಲ್ಲಿ ಇದರ ಮೇಲೆ ಒಂದು ಸಮಾಲೋಚನಾ ಪತ್ರವನ್ನೇನೋ ಹೊರಡಿಸಿದ್ದರು. ಸಮಾಲೋಚನೆಯಿಂದ ನನ್ನ ಬಿಲ್ಲಿನಲ್ಲಿ ಒಂದು ಪೈಸೆ ಕಮ್ಮಿಯಾಗಿಲ್ಲ.

ಈಗ ಆಫೀಸಿನ ಗೆಳೆಯರ ಪ್ರಶ್ನೆಗೆ ಬರ್ತೀನಿ. ಸಾವಿರ ರೂಪಾಯಿ ನನಗೆ ದೊಡ್ಡದಲ್ಲ, ಒಪ್ಪಿದೆ. ಆದರೆ ಪರದೇಶಕ್ಕೆ ಹೋಗುವವರೆಲ್ಲ ಲ್ಯಾಪ್‌ಟಾಪ್ ಹಿಡಿದವರೇನ್ರೀ? ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿ ದೇಶಗಳಿಗೆ ಹೋಗಿ ಅಂಗಡಿಯಲ್ಲಿ, ಡ್ರೈವಿಂಗಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವವರು ಎಷ್ಟು ಜನ! ಅಲ್ಲಿನ ಸಿಮ್ ಇದ್ದರೂ ಊರಿನ ಸಿಮ್ಮನ್ನು ಅವರು ಬಿಡೋ ಹಾಗಿಲ್ಲ. ಬ್ಯಾಂಕಿನ ಓಟಿಪಿ ಬರೋದು ಅದಕ್ಕೇ. ಊರಿನ ಸಿಮ್ ತೆಗೆದಿಟ್ಟುಬಿಡಿ ಅಂತ ಸಲಹೆ ಕೊಡುವ ಜಾಣರು ಇದಕ್ಕೆ ಉತ್ತರ ಕೊಡಲಿ. 2023ರಲ್ಲಿ ಹತ್ತು ದೇಶಗಳ ನಂಬರಿನಿಂದಲೂ ಎನ್ನಾರೈ ಖಾತೆಗೆ ಯುಪಿಐ ಬಳಸಬಹುದು ಅಂತಾಯ್ತು, ಅದರಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಇವೆ, ಒಳ್ಳೆಯದೇ. ಆದರೆ ಜರ್ಮನಿ ಆ ಹತ್ತರಲ್ಲಿರಲಿಲ್ಲ, ಕುವೈತ್, ಬಹರೈನ್ ಕೂಡಾ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಎಸ್ಸೆಮ್ಮೆಸ್ ಓಟಿಪಿಯನ್ನೇ ನೆಚ್ಚಿಕೊಳ್ಳದೆ ಬೇರೆ ದಾರಿಗಳನ್ನೂ ಬಳಸಬಹುದು ಅಂತ ಹೊಸ ನಿರ್ದೇಶನ ಹೊರಡಿಸಿತು, 2026ರ ಏಪ್ರಿಲ್ 1 ಗಡುವು. "ಬಳಸಬಹುದು" ಅನ್ನೋದನ್ನು ನಮ್ಮ ಬ್ಯಾಂಕುಗಳು ಹೇಗೆ ಓದುತ್ತವೆ ಅನ್ನೋದು ನಿಮಗೂ ಗೊತ್ತು.

ಸಾವಿರ ರೂಪಾಯಿಗೆ ಯಾರೂ ಜಗಳ ಆಡಲ್ಲ ಅನ್ನೋದೇ ಈ ವ್ಯಾಪಾರದ ಬಂಡವಾಳ. ಹತ್ತು ಸಾವಿರ ಆಗಿದ್ರೆ ಕೋರ್ಟಿಗೆ ಹೋಗ್ತಾರೆ, ಹತ್ತು ರೂಪಾಯಿ ಆಗಿದ್ರೆ ಗೊತ್ತೇ ಆಗಲ್ಲ. ಸಾವಿರ ಅನ್ನೋದು ಗೊಣಗಿ ಕಟ್ಟಿಬಿಡುವ ಮೊತ್ತ. ಗೊಣಗಿ ಕಟ್ಟುವವರು ಲಕ್ಷ ಜನ ಇದ್ದರೆ?

ಹಾಗಾಗಿ ನಾನು ಕಟ್ಟಿ ಸುಮ್ಮನಾಗಲಿಲ್ಲ. ಲಿಖಿತ ದೂರು ಕೊಟ್ಟು ಡಾಕೆಟ್ ನಂಬರ್ ತೆಗೆದುಕೊಂಡೆ. ಹತ್ತು ದಿನಕ್ಕೆ "ಪರಿಶೀಲಿಸಲಾಗಿ ಚಾರ್ಜುಗಳು ಸರಿಯಾಗಿವೆ" ಅಂತ ಎಸ್ಸೆಮ್ಮೆಸ್ ಬಂತು, ಇಂಗ್ಲಿಷಿನಲ್ಲಿ. ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆದೆ. ಆಗ ಒಬ್ಬರು ಫೋನ್ ಮಾಡಿ, "ಗುಡ್‌ವಿಲ್ ಆಗಿ 300 ರೂಪಾಯಿ ವಾಪಸ್ ಹಾಕ್ತೀವಿ, ದೂರು ಮುಚ್ಚಿಬಿಡಿ ಸರ್" ಅಂದರು. ಯಾವ ಲೆಕ್ಕದ 300 ಅಂತ ಕೇಳಿದೆ. ಲೆಕ್ಕ ಇಲ್ಲ, ಗುಡ್‌ವಿಲ್ ಅಷ್ಟೇ. ಬೇಡ ಅಂದೆ. ನನಗೆ ಬೇಕಾಗಿರೋದು ಮೂರು ಪಂಗಡಕ್ಕೂ ಬರವಣಿಗೆಯಲ್ಲಿ ಉತ್ತರ.

ಇದು ನಿಮಗೂ ಉಪಯೋಗಕ್ಕೆ ಬರಬಹುದು, ಬರೆದಿಟ್ಟುಕೊಳ್ಳಿ. ಮೊಬೈಲ್ ಬಿಲ್ಲಿನ ತಕರಾರಿಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಅಂತ ಕಂಪನಿಗಳು ತುಂಬಾ ವರ್ಷ 2009ರ ಒಂದು ತೀರ್ಪು ತೋರಿಸಿ ಹೆದರಿಸುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಟೆಲಿಕಾಂ ಸೇವೆಯ ದೂರನ್ನೂ ಗ್ರಾಹಕರ ಆಯೋಗಗಳು ಕೇಳಬಹುದು ಅಂತ ಸ್ಪಷ್ಟವಾಗಿ ಹೇಳಿಬಿಟ್ಟಿದೆ. ಮೇಲ್ಮನವಿಯಲ್ಲಿ ಉತ್ತರ ಸಿಗದಿದ್ದರೆ ನನ್ನ ಮುಂದಿನ ದಾರಿ ಅದೇ.

ನಾನು ಕೇಳ್ತಿರೋದು ದೊಡ್ಡದೇನಲ್ಲ.

ಒಂದು, ಮನುಷ್ಯ ಕಳಿಸಿದ ಮೆಸೇಜು ಒಂದಾದರೆ ಚಾರ್ಜೂ ಒಂದೇ ಇರಲಿ. ಕನ್ನಡದ್ದು 70, ಇಂಗ್ಲಿಷಿನದ್ದು 160 ಅನ್ನೋದು ಯಂತ್ರದ ಸಮಸ್ಯೆ, ಯಂತ್ರ ಇಟ್ಟುಕೊಂಡವರು ಪರಿಹರಿಸಿಕೊಳ್ಳಲಿ. ಪರಿಹಾರ ಮಾನದಂಡದಲ್ಲೇ ಇದೆ ಅಂತ ಮೇಲೆ ಹೇಳಿದ್ದೀನಿ.

ಎರಡು, ಫೋನು ಅಥವಾ ಆ್ಯಪ್ಪು ತಾನಾಗಿ ಕಳಿಸುವ ಪರಿಶೀಲನೆಯ ಎಸ್ಸೆಮ್ಮೆಸ್ಸಿಗೆ ಗ್ರಾಹಕನಿಂದ ದುಡ್ಡು ತೆಗೆದುಕೊಳ್ಳಬಾರದು. ಅದು ಯಾರ ಅನುಕೂಲಕ್ಕೆ ಹೋಗುತ್ತೋ ಅವರು ಕಟ್ಟಲಿ. ಕನಿಷ್ಠ ಪಕ್ಷ "ನೀವು ಪರದೇಶದಲ್ಲಿದ್ದೀರಿ, ಇದಕ್ಕೆ ಇಷ್ಟಾಗುತ್ತೆ, ಕಳಿಸಲಾ?" ಅಂತ ಕೇಳಲಿ.

ಮೂರು, ಪ್ಯಾಕಿನಾಚೆಯ ದೇಶದ ಟವರು ಹಿಡಿದರೆ ಮೆಸೇಜು ಹೋಗುವ ಮೊದಲು ತಿಳಿಸಲಿ, ಹದಿನೈದು ದಿನದ ನಂತರ ಬಿಲ್ಲಿನಲ್ಲಲ್ಲ.

ಅಷ್ಟೇ. ಮೂರೇ ಮೂರು.

ಕೊನೆಯದಾಗಿ ನಿಮ್ಮ ಹತ್ತಿರ ಒಂದು ಮಾತು. ನಾವೆಲ್ಲ ಇಲ್ಲಿ ಬರೆಯೋಕೆ ಶುರು ಮಾಡಿದಾಗ ಪರದೆಯ ಮೇಲೆ ಅಕ್ಷರದ ಬದಲು ಡಬ್ಬಿಗಳು ಕಾಣ್ತಿದ್ದವು. ಬರಹವೋ ನುಡಿಯೋ, ಯೂನಿಕೋಡೋ ಆನ್ಸಿಯೋ ಅಂತ ರಾತ್ರಿಯಿಡೀ ಕಿತ್ತಾಡಿದ್ದೀವಿ. "ಕನ್ನಡ ಓದಲಾಗುತ್ತಿಲ್ಲವೇ? ಹೀಗೆ ಮಾಡಿ" ಅಂತ ಒಂದೊಂದು ಪುಟದ ತಲೆಯ ಮೇಲೂ ಸೂಚನೆ ಹಾಕಿದ್ದೀವಿ. ಯಾರೂ ನಮಗೆ ಕನ್ನಡವನ್ನು ತಟ್ಟೆಯಲ್ಲಿಟ್ಟು ಕೊಡಲಿಲ್ಲ, ಜಗಳ ಆಡಿ ಪಡೆದದ್ದು. ಅಷ್ಟೆಲ್ಲ ಆದ ಮೇಲೆ ಈಗ ಒಬ್ಬರು ಬಂದು "ಇಂಗ್ಲಿಷ್ ಲೆಟರ್ಸಲ್ಲಿ ಟೈಪ್ ಮಾಡಿ ಸರ್, ಅಗ್ಗ ಆಗುತ್ತೆ" ಅಂದ್ರೆ ಕೇಳಿಕೊಂಡು ಸುಮ್ಮನಿರಬೇಕಾ? ಭಾಷೆ ಹೀಗೇ ಸಾಯೋದು ಮಾರಾಯ್ರೇ. ಯಾರೋ ಬಂದು ನಿಷೇಧ ಹಾಕಿ ಅಲ್ಲ, ಮೂರು ಪಟ್ಟು ದರ ಹಾಕಿ, ಅದನ್ನು ಬಿಲ್ಲಿನಲ್ಲಿ ತೋರಿಸದೆ.

ಹೊರದೇಶಕ್ಕೆ ಹೋಗಿ ಬಂದವರು, ಅಲ್ಲೇ ಇರುವವರು, ನಿಮ್ಮ ಬಿಲ್ಲಿನ ಎಸ್ಸೆಮ್ಮೆಸ್ ಪಟ್ಟಿಯನ್ನು ಒಂದು ಸಲ ತರಿಸಿ ನೋಡಿ. ಸೆಂಟ್ ಪಟ್ಟಿಯ ಜೊತೆ ತಾಳೆ ಹಾಕಿ. ಲೆಕ್ಕ ತಪ್ಪಿದ್ದರೆ ದೂರು ಕೊಡಿ, ಮೊತ್ತ ನೂರೇ ಇರಲಿ. ಆಮೇಲೆ ನಿಮ್ಮ ನಿಮ್ಮ ಪುಟದಲ್ಲಿ ಬರೆಯಿರಿ. ಇಲ್ಲಾದ್ರೂ ಒಂದು ಪುಣ್ಯ, ಎಷ್ಟು ಒತ್ತಕ್ಷರ ಹಾಕಿದರೂ ಚಾರ್ಜಿಲ್ಲ!